ಬಿಚ್ಚಿದ್ದನ್ನು ಮತ್ತೆ ಜೋಡಿಸುವಂತಿರಬೇಕು

1990ರಲ್ಲಿ ಲಂಡನ್ನಿನ ಹೈಕೋರ್ಟ್ ಒಂದು ಅಪರೂಪದ ವ್ಯಾಜ್ಯ ತೀರ್ಮಾನಿಸಬೇಕಾಯಿತು. ‘ಓಲ್ಡ್ ನಂಬರ್ ಒನ್’ ಎಂದು ಹೆಸರಾಗಿದ್ದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರನ್ನು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಕಂಪನಿಯೊಂದು ಹಿಂದೆ ಸರಿದಿತ್ತು. ಇದು ಆ ಕಾರೇ ಅಲ್ಲ ಎಂಬುದು ಅದರ ವಾದ. ಆ ಕಾರು ಎಂದರೆ 1929 ಮತ್ತು 1930ರಲ್ಲಿ, ಸತತ ಎರಡು ವರ್ಷ, ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸ್ ಗೆದ್ದ ಕಾರು. ಎರಡು ಸಲವೂ ವುಲ್ಫ್ ಬರ್ನಾಟೊ ಅದರ ಸ್ಟೀರಿಂಗ್ ಹಿಡಿದಿದ್ದರು. ಮೊದಲ ವರ್ಷ ಅವರ ಜೊತೆಗಾರ ಟಿಮ್ ಬರ್ಕಿನ್, ಮರುವರ್ಷ ಗ್ಲೆನ್ ಕಿಡ್‌ಸ್ಟನ್.

ಗೆದ್ದ ಕಾರು ಗೆದ್ದ ರೂಪದಲ್ಲೇ ಉಳಿಯಲಿಲ್ಲ. 1932ರಲ್ಲಿ ಅದಕ್ಕೆ 8 ಲೀಟರಿನ ದೊಡ್ಡ ಇಂಜಿನ್ ಕೂರಿಸಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿಗೆ ಇಳಿಸಿದರು. ಅಲ್ಲಿ ಅದು ತಿರುವಿನ ಎತ್ತರದ ಅಂಚು ದಾಟಿ ಹೊರಕ್ಕೆ ಹಾರಿತು, ಓಡಿಸುತ್ತಿದ್ದ ಕ್ಲೈವ್ ಡನ್ಫಿ ಪ್ರಾಣ ಕಳೆದುಕೊಂಡರು. ಬರ್ನಾಟೊ ಅದನ್ನು ಮತ್ತೆ ಕಟ್ಟಿಸಿದರು. ಮುಂದಿನ ದಶಕಗಳಲ್ಲಿ ಬಾಡಿ ಬದಲಾಯಿತು, ಭಾಗಗಳು ಬದಲಾದವು, ಕೊನೆಗೆ ಮತ್ತೆ ಲ ಮಾನ್ ಕಾಲದ ರೂಪಕ್ಕೆ ತಂದರು. ನ್ಯಾಯಾಲಯ ಲೆಕ್ಕ ಹಾಕಿ ನೋಡಿದಾಗ 1929ರ ಕಾರಿನದೆಂದು ಖಚಿತವಾಗಿ ಹೇಳಬಹುದಾದ ಭಾಗ ಬಹುಮಟ್ಟಿಗೆ ಏನೂ ಉಳಿದಿರಲಿಲ್ಲ. 1930ರ ಕಾರಿನಿಂದ ಗೇರ್‌ಬಾಕ್ಸಿನ ಕವಚದಂಥ ಬೆರಳೆಣಿಕೆಯ ಭಾಗಗಳಷ್ಟೇ ಸಿಕ್ಕವು.

ಆದರೂ ತೀರ್ಪು ಮಾರುವವನ ಪರವಾಗಿಯೇ ಬಂತು. ಕಾರು ಒಮ್ಮೆಯೂ ಕಣ್ಮರೆಯಾಗಿಲ್ಲ, ಅದರ ಬದುಕಿನ ಸರಪಳಿ ಎಲ್ಲೂ ತುಂಡಾಗಿಲ್ಲ, ಆ ಹೆಸರಿಗೆ ಹಕ್ಕು ಹೇಳಬಲ್ಲ ಇನ್ನೊಂದು ಬೆಂಟ್ಲಿ ಜಗತ್ತಿನಲ್ಲಿಲ್ಲ. ಹಾಗಾಗಿ ಇದೇ ಓಲ್ಡ್ ನಂಬರ್ ಒನ್ ಎಂದು ನ್ಯಾಯಮೂರ್ತಿ ಆಟನ್ ಹೇಳಿದರು. ಕೊಳ್ಳಲು ಒಪ್ಪಿದವರು ಮಾತು ಉಳಿಸಿಕೊಳ್ಳಬೇಕಾಯಿತು.

ಹಳೆಯ ಕಾರುಗಳ ಲೋಕದಲ್ಲಿ ಎಂದೂ ಮುಗಿಯದ ಜಗಳವೊಂದಿದೆ. ಕಾರ್ಖಾನೆಯ ಬಾಗಿಲು ದಾಟಿ ಬಂದಾಗ ಹೇಗಿತ್ತೋ ಹಾಗೇ ಇಡಬೇಕೆಂದು ಒಂದು ಪಂಗಡ, ಓಡುವ ವಸ್ತುವನ್ನು ಓಡಿಸುವವರ ಕಾಲಕ್ಕೆ ತಕ್ಕಂತೆ ಬದಲಿಸಿದರೆ ತಪ್ಪೇನೆಂದು ಇನ್ನೊಂದು ಪಂಗಡ. ಬೆಂಟ್ಲಿಯ ತೀರ್ಪು ಇಬ್ಬರಿಗೂ ಅರ್ಧರ್ಧ ಆಧಾರ ಒದಗಿಸುತ್ತದೆ. ಆದರೆ ಒಂದು ಕಾರಿನ ವಿಚಾರದಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆಯದೇ ಇದೆ: ಇವತ್ತು ಮಾಡುವ ಬದಲಾವಣೆಯನ್ನು ನಾಳೆ ಬರುವ ಇನ್ನೊಬ್ಬ ಮಾಲೀಕ ಅಳಿಸಿ, ಕಾರನ್ನು ಮೊದಲಿನ ಸ್ಥಿತಿಗೆ ತರಲು ಸಾಧ್ಯವೆ?

ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಕಾರನ್ನೇ ತೆಗೆದುಕೊಳ್ಳೋಣ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ 1957ರಿಂದ ಅಂಬಾಸಿಡರ್ ತಯಾರಿಸತೊಡಗಿತು. ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರಲ್ಲಿ ಉತ್ಪಾದನೆ ನಿಂತಿತು. ಶುರುವಿನಲ್ಲಿ ಅದಕ್ಕಿದ್ದದ್ದು 1476 ಸಿಸಿಯ ಸೈಡ್ ವಾಲ್ವ್ ಇಂಜಿನ್. ಎರಡೇ ವರ್ಷದಲ್ಲಿ 1489 ಸಿಸಿಯ ಓವರ್‌ಹೆಡ್ ವಾಲ್ವ್ ಇಂಜಿನ್ ಬಂತು. ಮುಂದೆ ಡೀಸೆಲ್ ಬಂತು, 1990ರ ದಶಕದಲ್ಲಿ 1.8 ಲೀಟರಿನ ಇಸುಝು ಪೆಟ್ರೋಲ್ ಇಂಜಿನ್ ಮತ್ತು 5 ಗೇರ್ ಬಂದವು. ಗ್ರಿಲ್ ಬದಲಾಯಿತು, ಡ್ಯಾಶ್‌ಬೋರ್ಡ್ ಬದಲಾಯಿತು, ಸ್ಟೀರಿಂಗಿನ ಪಕ್ಕದಲ್ಲಿದ್ದ ಗೇರ್ ಲಿವರ್ ನೆಲಕ್ಕಿಳಿಯಿತು. ಕಾರಿನ ಗುಂಡಗಿನ ಮೈಕಟ್ಟು ಮಾತ್ರ ಅಷ್ಟೂ ವರ್ಷ ಹೆಚ್ಚುಕಮ್ಮಿ ಹಾಗೇ ಇತ್ತು. ಹೀಗಾಗಿ 1985ರ ಮಾರ್ಕ್ 4 ಕಾರಿಗೆ ಇಸುಝು ಇಂಜಿನ್ ಕೂರಿಸಿದವನು ಅದೇ ಕುಟುಂಬದೊಳಗಿನ ಬದಲಾವಣೆ ಮಾಡಿದ್ದಾನೆ. ಕಾರ್ಖಾನೆಯೇ ಮುಂದೆ ಮಾಡಿದ್ದನ್ನು ಅವನು ಸ್ವಲ್ಪ ಹಿಂದಿನ ಕಾರಿಗೆ ಮಾಡಿದ್ದಾನೆ. ಅದೇ ಇಂಜಿನ್ನನ್ನು 1958ರ ಸೈಡ್ ವಾಲ್ವ್ ಕಾರಿಗೆ ಹಾಕಿ, ಹಳೆಯ ಇಂಜಿನ್ನನ್ನು ಗುಜರಿಗೆ ತೂಕಕ್ಕೆ ಮಾರಿದರೆ ಅದು ನಷ್ಟ. ಆ ಇಂಜಿನ್ ಇದ್ದದ್ದು ತೀರಾ ಕಡಿಮೆ ಕಾಲ. ಇನ್ನೊಂದು ಸಿಗುವ ಭರವಸೆ ಇಲ್ಲ.

ಭಾರತದಲ್ಲಿ ಇಂಥ ನಷ್ಟ ದೊಡ್ಡ ಪ್ರಮಾಣದಲ್ಲಿ ಆಗಿಹೋಗಿದೆ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಕುಡಿಯುವ ದೊಡ್ಡ ಅಮೆರಿಕನ್ ಕಾರುಗಳನ್ನು ಸಾಕುವುದು ಸಾಮಾನ್ಯರಿಗೆ ಆಗದ ಮಾತಾಯಿತು. ಷೆವರ್ಲೆ, ಡಾಡ್ಜ್, ಪ್ಲಿಮತ್ ಕಾರುಗಳ ಹೊಟ್ಟೆಯಿಂದ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸಿದರು. ವಿಲ್ಲಿಸ್ ಜೀಪುಗಳಿಗೂ ಅದೇ ಗತಿ. ಇದನ್ನು ಮಾಡಿದವರನ್ನು ದೂರುವುದು ಅನ್ಯಾಯ. ಅವರಿಗೆ ಕಾರು ಹೊಟ್ಟೆಪಾಡು. ಟ್ಯಾಕ್ಸಿ ಓಡಬೇಕಿತ್ತು, ತೋಟದ ಮಾಲು ಪೇಟೆಗೆ ಹೋಗಬೇಕಿತ್ತು. ಡೀಸೆಲ್ ಹಾಕಿಸದೇ ಹೋಗಿದ್ದರೆ ಆ ಪೈಕಿ ಎಷ್ಟೋ ಕಾರುಗಳು ಆಗಲೇ ಗುಜರಿ ಸೇರುತ್ತಿದ್ದವು. ಇಂದು ಹವ್ಯಾಸಿಗಳು ಕೊಂಡು ಸರಿಪಡಿಸುತ್ತಿರುವ ಬಾಡಿಗಳು ಉಳಿದದ್ದೇ ಆ ಬದಲಾವಣೆಯಿಂದ. ಹೊಟ್ಟೆಪಾಡಿಗೆ ಮಾಡಿದ ಬದಲಾವಣೆಗೂ, ಈಗ ದುಡ್ಡಿದ್ದವರು ಹವ್ಯಾಸಕ್ಕೆಂದು ಚಾಸಿ ಕತ್ತರಿಸಿ ಅಗಲ ಟೈರು ಹಾಕಿಸುವುದಕ್ಕೂ ಇರುವ ಅಂತರವನ್ನು ಮರೆಯಬಾರದು.

ನಮ್ಮ ಕಾನೂನು ಈ ಜಗಳದಲ್ಲಿ ಬಹುಪಾಲು ಮೂಲರೂಪದ ಕಡೆಗೇ ನಿಂತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕಿಂತ ಆರ್‌ಸಿಯಲ್ಲಿರುವ ವಿವರ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳಿತು. ಬಣ್ಣ ಬದಲಿಸುವುದು, ಒಪ್ಪಿಗೆ ಪಡೆದ ಸಿಎನ್‌ಜಿ ಕಿಟ್ ಹಾಕಿಸುವುದು ಮುಂತಾದವಕ್ಕೆ ದಾರಿಯಿದೆ. ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಅನುಮತಿಯಿಲ್ಲದೆ ಬದಲಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ವಿಧಿಸಲು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ.

2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದಿರುವ, ಚಾಸಿ, ಬಾಡಿ ಅಥವಾ ಇಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರದ ವಾಹನಕ್ಕಷ್ಟೇ ಆ ಮಾನ್ಯತೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ‘ವಿಎ’ ಎಂಬ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷಗಳ ನಂತರ ನವೀಕರಣಕ್ಕೆ 5,000. ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಇಂಧನ ತುಂಬಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಿಲ್ಲ.

ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಡೀಸೆಲ್ ಇಂಜಿನ್ನಿನಿಂದ ಬದುಕುಳಿದ 1950ರ ದಶಕದ ಡಾಡ್ಜ್ ಕಾರಿಗೆ ಇದರಲ್ಲಿ ಜಾಗವಿಲ್ಲ. ಆ ಇಂಜಿನ್ ಕೂರಿಸಿಯೇ 40-45 ವರ್ಷ ಕಳೆದಿದ್ದರೆ, ಆ ಬದಲಾವಣೆಯೇ ಈ ದೇಶದ ರಸ್ತೆಗಳ ಇತಿಹಾಸದ ಒಂದು ಭಾಗ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ‘ಫಿವಾ’ ಈ ವಿಷಯದಲ್ಲಿ ಹೆಚ್ಚು ಉದಾರವಾಗಿದೆ. 1966ರಲ್ಲಿ ಹುಟ್ಟಿದ ಈ ಸಂಸ್ಥೆ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಪ್ರಕಾರ, ವಾಹನ ಬಳಕೆಯಲ್ಲಿದ್ದ ಕಾಲದಲ್ಲೇ ಆದ ಬದಲಾವಣೆಗಳು ಅದರ ಚರಿತ್ರೆಗೆ ಸೇರಿದವು. ಅವನ್ನೆಲ್ಲ ಕಿತ್ತು ಹಾಕಿ ಕಾರ್ಖಾನೆಯ ದಿನಕ್ಕೆ ಮರಳಲೇಬೇಕೆಂಬ ಕಡ್ಡಾಯವಿಲ್ಲ. ಈಗ ಹೊಸದಾಗಿ ಮಾಡಲೇಬೇಕಾದ ಬದಲಾವಣೆ ಮಾತ್ರ ಕಣ್ಣಿಗೆ ರಾಚಬಾರದು, ಹಿಂದಕ್ಕೆ ತೆಗೆಯುವಂತಿರಬೇಕು, ದಾಖಲೆಯಾಗಬೇಕು. ನಮ್ಮ ನಿಯಮದಲ್ಲೂ ಇಷ್ಟು ವಿವೇಚನೆ ಸೇರಿದರೆ ಚೆನ್ನ.

ಮೂಲರೂಪದ ಪರವಾಗಿರುವವರ ವಾದದಲ್ಲಿ ತೂಕವಿದೆ. ಕಾರ್ಖಾನೆಯ ಬಣ್ಣ, ಕಾರ್ಖಾನೆಯ ಬೆಸುಗೆ, ಸೀಟಿನ ಹೊಲಿಗೆ, ವೈರಿಗೆ ಸುತ್ತಿದ ಬಟ್ಟೆ, ಇವೆಲ್ಲ ಆ ಕಾಲದಲ್ಲಿ ಜನ ಹೇಗೆ ಕೆಲಸ ಮಾಡುತ್ತಿದ್ದರು ಎಂಬುದಕ್ಕೆ ಸಾಕ್ಷಿ. ಒಮ್ಮೆ ಕೆರೆದು ತೆಗೆದರೆ ಆ ಸಾಕ್ಷಿ ಹೋಯಿತು. 1980-90ರ ದಶಕಗಳಲ್ಲಿ ಅಮೆರಿಕ, ಯುರೋಪಿನ ಸ್ಪರ್ಧೆಗಳಲ್ಲಿ ಕಾರ್ಖಾನೆಯಲ್ಲಿ ಎಂದೂ ಇರದಿದ್ದ ಹೊಳಪನ್ನು ಕಾರುಗಳಿಗೆ ತಂದು ಬಹುಮಾನ ಗೆಲ್ಲುವ ಚಾಳಿ ಬೆಳೆದಿತ್ತು. ಗಾಳಿ ಬದಲಾಗಿರುವುದಕ್ಕೆ ಗುರುತು ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ ಸಿಕ್ಕಿತು. 2024ರಲ್ಲಿ ಅಲ್ಲಿನ ಅತ್ಯುನ್ನತ ಪ್ರಶಸ್ತಿ, ಆ ಸ್ಪರ್ಧೆಯ ಇತಿಹಾಸದಲ್ಲೇ ಮೊದಲ ಬಾರಿಗೆ, ಪುನರುಜ್ಜೀವನ ಮಾಡದೆ ಇದ್ದಂತೆಯೇ ಕಾಪಾಡಿದ ಕಾರಿಗೆ ಸಂದಿತು: 1934ರ ಬುಗಾಟಿ ಟೈಪ್ 59 ಸ್ಪೋರ್ಟ್ಸ್. ಬಣ್ಣ ಸೀಳಿದೆ, ಸೀಟಿನ ಚರ್ಮ ಸವೆದಿದೆ. ಆದರೆ ಈ ಕಾರಿನ ಚರಿತ್ರೆ ನೋಡಿ. ಗ್ರ್ಯಾನ್ ಪ್ರಿ ರೇಸಿನ ಕಾರಾಗಿ ಹುಟ್ಟಿ, ಬುಗಾಟಿಯವರ ಕೈಯಲ್ಲೇ ಸ್ಪೋರ್ಟ್ಸ್ ಕಾರಾಗಿ ಬದಲಾಗಿ, ಆಮೇಲೆ ಬೆಲ್ಜಿಯಂ ದೊರೆ 3ನೇ ಲಿಯೊಪೋಲ್ಡ್ ಬಳಿ ಹೋಗಿ ಕಪ್ಪು ಬಣ್ಣ, ಹಳದಿ ಪಟ್ಟೆ ಪಡೆಯಿತು. ತೀರ್ಪುಗಾರರು ಮೆಚ್ಚಿದ್ದು ಹುಟ್ಟಿದ ದಿನದ ರೂಪವನ್ನಲ್ಲ, ಬಾಳಿದ ರೂಪವನ್ನು.

2018ರಲ್ಲಿ 4.84 ಕೋಟಿ ಡಾಲರಿಗೆ ಹರಾಜಾದ ಫೆರಾರಿ 250 ಜಿಟಿಒ ಕೂಡ 1962ರ ಬಾಡಿಯಲ್ಲಿಲ್ಲ; 1964ರಲ್ಲಿ ಸ್ಕಾಲಿಯೆಟ್ಟಿ ಕಾರ್ಯಾಗಾರ ಅದಕ್ಕೆ ಹೊಸ ಮಾದರಿಯ ಬಾಡಿ ಕಟ್ಟಿತ್ತು.

ಮಾರ್ಪಾಡಿನ ಪರಂಪರೆಗೂ ತನ್ನದೇ ಗೌರವವಿದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ 1930-40ರ ದಶಕದ ಹುಡುಗರು ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಿತ್ತು, ವಿ8 ಇಂಜಿನ್ನನ್ನು ಹುರಿಗೊಳಿಸಿ ಓಡಿಸುತ್ತಿದ್ದರು. ಹಾಟ್ ರಾಡ್ ಎಂಬ ಹೆಸರಿನ ಈ ಕಾರುಗಳನ್ನು ಆಗಿನ ಸಿರಿವಂತ ಸಂಗ್ರಾಹಕರು ಹತ್ತಿರ ಸೇರಿಸುತ್ತಿರಲಿಲ್ಲ. 1997ರಲ್ಲಿ ಅದೇ ಪೆಬಲ್ ಬೀಚ್ ಅವಕ್ಕೊಂದು ಪ್ರತ್ಯೇಕ ವರ್ಗ ತೆರೆಯಿತು. ಈಗ ತಜ್ಞರು ಹಳೆಯ ಹಾಟ್ ರಾಡ್‌ಗಳನ್ನು ಹುಡುಕಿ, ಅವನ್ನು ಕಾರ್ಖಾನೆಯ ರೂಪಕ್ಕಲ್ಲ, 1940ರ ದಶಕದಲ್ಲಿ ಆ ಹುಡುಗರು ಬದಲಿಸಿದ್ದ ರೂಪಕ್ಕೆ ಜತನದಿಂದ ಮರಳಿಸುತ್ತಾರೆ.

ಇತ್ತೀಚಿನ ಉದಾಹರಣೆ ಬೇಕೆಂದರೆ ರಾಬ್ ಡಿಕಿನ್ಸನ್ ಎಂಬ ರಾಕ್ ಗಾಯಕ 2009ರಲ್ಲಿ ಕಟ್ಟಿದ ‘ಸಿಂಗರ್’ ಕಂಪನಿ. ಗ್ರಾಹಕರು ತರುವ ಪೋರ್ಷೆ 911ರ 964 ಮಾದರಿಯನ್ನು ಅದು ನಟ್ಟು ಬೋಲ್ಟಿನವರೆಗೆ ಬಿಚ್ಚಿ, ಕಾರ್ಬನ್ ಫೈಬರ್ ಮೈ ತೊಡಿಸಿ, ಹೊಸ ಶಕ್ತಿಯ ಇಂಜಿನ್ ಕೂರಿಸಿ ಕೊಡುತ್ತದೆ. ಕೈಕೆಲಸ ಅಮೋಘ. 964 ಮಾದರಿ 60,000ಕ್ಕೂ ಹೆಚ್ಚು ತಯಾರಾಗಿತ್ತು. ಅದರಲ್ಲಿ ಕೆಲವು ನೂರು ಹೀಗೆ ರೂಪ ಬದಲಿಸಿದರೆ ಆ ಮಾದರಿಯೇನೂ ಅಳಿದುಹೋಗುವುದಿಲ್ಲ. ಸಂಖ್ಯೆ ಮುಖ್ಯ ಎನ್ನುವುದು ಇದಕ್ಕೇ.

ಕೆಲವು ಬದಲಾವಣೆಗಳು ಅಭಿರುಚಿಯ ಮಾತೇ ಅಲ್ಲ, ಜೀವದ ಮಾತು. ಈ ಭಾಗವನ್ನು ನಮ್ಮ ಹವ್ಯಾಸಿಗಳು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು.

ಮೊದಲನೆಯದು ಪೆಟ್ರೋಲ್. 2000ದಲ್ಲಿ ದೇಶಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಹಳೆಯ ಎರಕದ ಕಬ್ಬಿಣದ ಸಿಲಿಂಡರ್ ಹೆಡ್‌ಗಳಲ್ಲಿ ಎಕ್ಸಾಸ್ಟ್ ವಾಲ್ವ್ ಬಂದು ಕೂರುವ ಜಾಗದ ಮೇಲೆ ಸೀಸ ಒಂದು ತೆಳು ಪದರ ಕಟ್ಟಿ ಸವೆತ ತಡೆಯುತ್ತಿತ್ತು. ಆ ಪದರವಿಲ್ಲದಿದ್ದರೆ ವೇಗದ ಓಟದಲ್ಲಿ ವಾಲ್ವ್ ತನ್ನ ಸೀಟನ್ನು ತಾನೇ ತಿಂದು ಒಳಕ್ಕೆ ಇಳಿಯುತ್ತದೆ. ಪರಿಹಾರ ಲೇತ್ ಅಂಗಡಿಯಲ್ಲಿದೆ: ಹೆಡ್ಡನ್ನು ಕೊರೆದು ಗಟ್ಟಿ ಉಕ್ಕಿನ ಸೀಟ್ ಕೂರಿಸುವುದು. ಇದು ಹಿಂದಕ್ಕೆ ತೆಗೆಯಲಾಗದ ಬದಲಾವಣೆ, ನಿಜ. ಆದರೂ ಮಾಡಿಸಬೇಕು, ಇಲ್ಲದಿದ್ದರೆ ಹೆಡ್ಡೇ ಹಾಳಾಗುತ್ತದೆ.

ಎರಡನೆಯದು ಎಥನಾಲ್. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 1960ರ ದಶಕದ ರಬ್ಬರಿಗೆ ಅದರ ಪರಿಚಯವಿಲ್ಲ. ಹೋಸ್ ಪೈಪ್ ಊದಿ ಮೆತ್ತಗಾಗುತ್ತದೆ, ಬೆರಳಲ್ಲಿ ಹಿಚುಕಿದರೆ ಕಪ್ಪು ಅಂಟು ಹತ್ತುತ್ತದೆ; ಆಮೇಲೆ ಕ್ಲಿಪ್ಪಿನ ಬಳಿ ಸೀಳು ಬಿಡುತ್ತದೆ. ಅಂಬಾಸಿಡರಿನ 1489 ಸಿಸಿ ಇಂಜಿನ್ನಿನಲ್ಲಿ ಕಾರ್ಬುರೇಟರ್ ಇರುವುದೇ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲುಗಡೆ. ಸೋರಿದ ಪೆಟ್ರೋಲ್ ಹನಿ ನೇರವಾಗಿ ಕಾದ ಕಬ್ಬಿಣದ ಮೇಲೆ ಬೀಳುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಹೀರುವುದರಿಂದ, ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಸುತ್ತದೆ. ವೈಟಾನ್‌ನಂಥ ರಬ್ಬರಿನ ಹೋಸ್, ಎಥನಾಲ್ ತಡೆಯುವ ಪಂಪ್ ಡಯಾಫ್ರಂ, ಗ್ಯಾಸ್ಕೆಟ್ ಹಾಕಿಸಿದರೆ ಯಾವ ಕಣ್ಣಿಗೂ ವ್ಯತ್ಯಾಸ ಕಾಣದು. ಮೂಲ ಹೋಸನ್ನೇ ಉಳಿಸುತ್ತೇನೆಂದು ಹಟ ಹಿಡಿದು ಕಾರಿಗೇ ಬೆಂಕಿ ಬಿದ್ದರೆ ಉಳಿಯುವುದೇನು?

ಮೂರನೆಯದು ಬ್ರೇಕ್. ಆ ಕಾಲದ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಆಯಿಲ್ ಮಾರ್ಗ. ಎಲ್ಲಾದರೂ ಒಂದು ಪೈಪ್ ಒಡೆದರೆ ಪೆಡಲ್ ನೆಲಕ್ಕೆ ಹೋಗಿ ಕೂರುತ್ತದೆ, ನಾಲ್ಕು ಚಕ್ರದಲ್ಲೂ ಬ್ರೇಕ್ ಇರುವುದಿಲ್ಲ. ಎರಡು ಮಾರ್ಗದ ಮಾಸ್ಟರ್ ಸಿಲಿಂಡರ್ ಇದನ್ನು ತಪ್ಪಿಸುತ್ತದೆ. ಬೆಂಗಳೂರಿನ ದಟ್ಟಣೆಯಲ್ಲಿ, ಚಾರ್ಮಾಡಿಯಂಥ ಘಾಟಿಯಲ್ಲಿ ಓಡಿಸುವ ಕಾರಿಗೆ ಇದು ಬೇಕೇ ಬೇಕು. ವರ್ಷಕ್ಕೊಮ್ಮೆ ರ್‍ಯಾಲಿಗಷ್ಟೇ ಹೊರಡುವ, ಸಂಗ್ರಹಾಲಯದಲ್ಲಿ ನಿಲ್ಲುವ ಕಾರಿಗೆ ಬೇಕಿಲ್ಲ. ಧರ್ಮಸ್ಥಳದ ಸಂಗ್ರಹದ ಕಾರುಗಳಿಗೂ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿ ನಿಂತ ಕಾರುಗಳಿಗೂ ಮೂಲರೂಪವೇ ಸರಿ, ನೋಡಿ ಕಲಿಯುವುದಕ್ಕೆಂದೇ ಅವು ಅಲ್ಲಿರುವುದು.

ಬ್ಯಾಟರಿಯ ಪ್ರಶ್ನೆ ಇನ್ನೂ ಬಿಸಿ. ಜಾಗ್ವಾರ್ ತನ್ನ 1960ರ ದಶಕದ ಇ-ಟೈಪ್ ಕಾರಿನ ಇಂಜಿನ್ ತೆಗೆದು ವಿದ್ಯುತ್ ಮೋಟಾರು ಕೂರಿಸಿ 2017ರಲ್ಲಿ ತೋರಿಸಿತು. ಮರುವರ್ಷ ಬ್ರಿಟನ್ನಿನ ರಾಜಕುಮಾರ ಹ್ಯಾರಿ ಮದುವೆಯ ದಿನ ಆ ಕಾರನ್ನೇ ಓಡಿಸಿದರು. 2019ರಲ್ಲಿ ಫಿವಾ ಹೇಳಿದ್ದು ಸ್ಪಷ್ಟ: ಹೀಗೆ ಬದಲಿಸಿದ ವಾಹನವನ್ನು ಐತಿಹಾಸಿಕವೆನ್ನಲಾಗದು, ಬದಲಿಸುವುದೇ ಆದರೆ ತೆಗೆದ ಭಾಗಗಳನ್ನು ಜೋಪಾನವಾಗಿಡಿ. ಗಮನಿಸಬೇಕಾದ್ದೆಂದರೆ, ಜಾಗ್ವಾರ್ ತನ್ನ ಬ್ಯಾಟರಿ ಪೆಟ್ಟಿಗೆಯನ್ನು ಹಳೆಯ ಇಂಜಿನ್ನಿನ ಅಳತೆ, ತೂಕಕ್ಕೇ ಹೊಂದಿಸಿತ್ತು. ಆಸ್ಟನ್ ಮಾರ್ಟಿನ್ ಕೂಡ 2018ರಲ್ಲಿ ತನ್ನ ಡಿಬಿ6 ಕಾರಿಗೆ, ಮೂಲ ಇಂಜಿನ್ ಕೂರುವ ಅದೇ ಬೋಲ್ಟುಗಳಿಗೆ ಸಿಕ್ಕಿಸುವ ವಿದ್ಯುತ್ ಘಟಕ ಮಾಡಿತು. ಮನಸ್ಸು ಬದಲಾದರೆ ಇಂಜಿನ್ ವಾಪಸು ಬರಬಹುದು. ವಿದ್ಯುತ್ತಿಗೆ ಬದಲಿಸುವವರು ಈ ದಾರಿಯನ್ನಾದರೂ ಹಿಡಿಯಲಿ.

ಹಾಗಾದರೆ ಮನೆಯಲ್ಲಿ ತಾತನ ಕಾಲದ ಕಾರಿರುವವರು ಏನು ಮಾಡಬೇಕು? ಮೊದಲು ಆ ಮಾದರಿ ಎಷ್ಟು ಉಳಿದಿದೆ, ತಮ್ಮ ಕಾರಿನಲ್ಲಿ ಮೂಲದ್ದೇನು ಉಳಿದಿದೆ ಎಂದು ತಿಳಿಯಬೇಕು. ಆರ್‌ಟಿಒ ಅರ್ಜಿಗೆ ಅಂಟಿಸಲು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆಯುತ್ತಾರಲ್ಲ, ಆ ಚಾಸಿ ನಂಬರಿನ ಅಚ್ಚು ಇಲ್ಲಿ ಮೊದಲ ದಾಖಲೆ. ಅದೂ, ಇಂಜಿನ್ ನಂಬರೂ ಹಳೆಯ ಆರ್‌ಸಿ ಪುಸ್ತಕದ ಮೊದಲ ಪುಟಕ್ಕೆ ಹೊಂದಿದರೆ ಆ ಜೋಡಿಯನ್ನು ಬಿಡಿಸಬೇಡಿ. ಮಡ್‌ಗಾರ್ಡಿನ ಒಳಮೈಯಲ್ಲಿ, ಡಿಕ್ಕಿಯ ಮೂಲೆಯಲ್ಲಿ ಹಳೆಯ ಬಣ್ಣ ಉಳಿದಿದ್ದರೆ ಅಷ್ಟು ಜಾಗವನ್ನು ಪೇಂಟರಿನ ಮರಳು ಕಾಗದದಿಂದ ಕಾಪಾಡಿ. ಇಂಜಿನ್ ಆಗಲೇ ಕಳೆದುಹೋಗಿ, ಬಾಡಿಯ ಅರ್ಧ ಪುಟ್ಟಿಯಲ್ಲೇ ನಿಂತಿರುವ ಕಾರಾದರೆ, ಕಾನೂನಿನೊಳಗೆ ನಿಮ್ಮಿಷ್ಟದಂತೆ ಕಟ್ಟಿಕೊಳ್ಳಿ; ಅದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. 12 ವೋಲ್ಟಿನ ಬ್ಯಾಟರಿ, ಆಲ್ಟರ್ನೇಟರ್, ಹಿಂದಿನವರಿಗೆ ಕಾಣುವ ಇಂಡಿಕೇಟರ್, ಸೀಟ್ ಬೆಲ್ಟ್ ಇವನ್ನೆಲ್ಲ ಮೈ ಕತ್ತರಿಸದೆ ಹಾಕುವ ದಾರಿಗಳಿವೆ. ಚಾಸಿಗೆ ಗ್ಯಾಸ್ ಕಟ್ಟರ್ ತಾಗಿಸುವ ಕೆಲಸಕ್ಕೆ ಮಾತ್ರ ಯಾರೇ ಹೇಳಲಿ, ಒಪ್ಪಬೇಡಿ.

ಇನ್ನೊಂದು ಮಾತು ಕೈಕೆಲಸದವರ ಬಗ್ಗೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಓಣಿಗಳಲ್ಲಿ, ಊರೂರಿನ ಟಿಂಕರಿಂಗ್ ಶೆಡ್ಡುಗಳಲ್ಲಿ ಈ ಕಾರುಗಳನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಇಲ್ಲ, ಅವರ ನಂತರ ಅದನ್ನು ಕಲಿತವರು ಕಡಿಮೆ. ಕ್ಲಬ್ಬುಗಳು ರ್‍ಯಾಲಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಈ ಮೇಸ್ತ್ರಿಗಳ ಕೆಲಸವನ್ನು ವಿಡಿಯೊದಲ್ಲಿ ದಾಖಲಿಸಲು, ಅವರ ಕೈಕೆಳಗೆ ಹುಡುಗರನ್ನು ಕಲಿಕೆಗೆ ಬಿಡಲು ಮೀಸಲಿಡಬೇಕು.

ಕಾರು ಗ್ಯಾರೇಜಿಗೆ ಬಿಡುವ ಮೊದಲು ಇದ್ದ ಸ್ಥಿತಿಯ ಫೋಟೊ ತೆಗೆದಿಡಿ. ಬಿಚ್ಚಿದ ಕಾರ್ಬುರೇಟರ್, ಡೈನಮೊ, ಹಳೆಯ ಮಾಸ್ಟರ್ ಸಿಲಿಂಡರ್ ಯಾವುದನ್ನೂ ಮೇಸ್ತ್ರಿಯ ಶೆಡ್ಡಿನಲ್ಲೇ ಬಿಟ್ಟು ಬರಬೇಡಿ. ಎಣ್ಣೆ ಸವರಿ, ದಪ್ಪ ಕಾಗದ ಸುತ್ತಿ, ಯಾವ ದಿನ ಯಾಕೆ ತೆಗೆದದ್ದೆಂದು ಚೀಟಿ ಬರೆದು ಒಂದು ಪೆಟ್ಟಿಗೆಯಲ್ಲಿಡಿ. ಕಾರು ಮಾರುವ ದಿನ ಬಂದರೆ ಆ ಪೆಟ್ಟಿಗೆಯನ್ನೂ ಕೊಳ್ಳುವವರ ಕೈಗೆ ಒಪ್ಪಿಸಿ.